ಧರ್ಮರಾಜ ಮಿಸ್ತ್ರಿ ಕೇಳಿದ ಮಾತು

ಬಿಬವೇವಾಡಿ, ಪುಣೆ
ಡಿಸೆಂಬರ್ ೨, ೨೦೨೪

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದುಕೋ. ನಿಜವಾಗಿ ಬೀಳಲು ಈಗ ಹೊಟ್ಟೆ ಬಿಡುವುದಿಲ್ಲ.

ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಳು ಎಂದು ಗಾಬರಿಯಾಗಬೇಡ. ನನಗೆ ಏನೂ ಆಗಿಲ್ಲ. ಮಗುವೂ ಚೆನ್ನಾಗಿದೆ ಎಂದು ಡಾಕ್ಟರು ಮೊನ್ನೆಯಷ್ಟೇ ಹೇಳಿದರು. ಆದರೆ ನೀನು ಕೋಪದಲ್ಲಿದ್ದೀ. ಚೊಚ್ಚಲ ಹೆರಿಗೆಗೆ ತವರಿಗೆ ಬಾರದ ಮಗಳು ನಮ್ಮ ಬ್ರಹ್ಮಾವರದಲ್ಲಿ ಯಾರ ಮನೆಯಲ್ಲಿದ್ದಾಳೆ ಎಂದು ಕೇಳಿ ಫೋನಿಟ್ಟುಬಿಟ್ಟೆ. ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದ್ದೀ, ಬಿಸಿನೀರಿನ ಹಂಡೆ ತಿಕ್ಕಿಸಿದ್ದೀ, ಲೇಹ್ಯಕ್ಕೆ ಬೆಲ್ಲ ತಂದಿಟ್ಟಿದ್ದೀ. ನಾನು ಮಾತ್ರ ಅಡಿಗೆ ಮನೆಯ ಕೆಲಸ ಮುಗಿದಿಲ್ಲ, ಮಿಸ್ತ್ರಿಯನ್ನು ಬಿಟ್ಟು ಬರಲಾಗುವುದಿಲ್ಲ ಎಂದು ಅದೇ ರಾಗ ಹಾಡುತ್ತಿದ್ದೇನೆ. ಅಮ್ಮ, ಆ ಕೆಲಸ ಮುಗಿದು ತಿಂಗಳುಗಳಾದವು.

ಇದನ್ನು ಗಟ್ಟಿಯಾಗಿ ಹೇಳಲು ನನಗೆ ಧೈರ್ಯವಿಲ್ಲ. ಹೇಳಿದರೆ ಕೇಳಿಸಿಕೊಳ್ಳುವವಳು ನೀನೊಬ್ಬಳೇ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳುತ್ತೇನೆ, ನಡುವೆ ಎದ್ದು ದೇವರಿಗೆ ಕಾಣಿಕೆ ಕಟ್ಟಲು ಹೋಗದೆ ಪೂರ್ತಿ ಓದು.

ಮದುವೆಯಾಗಿ ಇಷ್ಟು ವರ್ಷ ನಾನು ಕೋಟದಲ್ಲಿ ಅತ್ತೆಯ ಜೊತೆ, ಸುಖೇಶ್ ಇಲ್ಲಿ ಹೋಟೆಲಿನ ಅಟ್ಟದ ಮೇಲೆ. ಕೊನೆಗೂ ಕಳೆದ ವರ್ಷ ಈ ಹಳೆಯ ಫ್ಲ್ಯಾಟು ಕೊಂಡು ನನ್ನನ್ನು ಕರೆಸಿಕೊಂಡರು. ನೀನು ಬಂದವಳಲ್ಲ, ಆದ್ದರಿಂದ ಹೇಳುತ್ತೇನೆ. ಎರಡನೇ ಮಾಳಿಗೆ, ಗಾಳಿ ಬೆಳಕು ಚೆನ್ನಾಗಿದೆ, ಅಡಿಗೆ ಮನೆ ಮಾತ್ರ ಬೆಂಕಿಪೊಟ್ಟಣ. ನಾನು, ಗ್ರೈಂಡರು, ಇಡ್ಲಿ ಪಾತ್ರೆ ಮೂವರೂ ಒಟ್ಟಿಗೆ ನಿಲ್ಲಲಾಗದು. ಒಲೆಯ ಪಕ್ಕದ ಗೋಡೆ ಬಡಿದರೆ ಟೊಳ್ಳು ಸದ್ದು. ಒಳಗೆ ಯಾವುದೋ ಹಳೆಯ ಗೂಡಿದೆ, ಒಡೆಸಿದರೆ ಒಳ್ಳೆಯ ಕಪಾಟಾಗುತ್ತದೆ ಎಂದು ನನ್ನ ಲೆಕ್ಕ.

ನಂಬಿಕಸ್ತ ಕೆಲಸಗಾರ ಸಿಗುವುದೆಂದರೆ ಗಂಡು ನೋಡಿದ ಹಾಗೆ, ಅಮ್ಮ. ಮೊದಲು ಬಂದವನು ಮೊಬೈಲಿನಲ್ಲಿ ಚಂದದ ಚಿತ್ರ ತೋರಿಸಿದ, ಗೋಡೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡನೆಯವನು ತಂದ ಪ್ಲೈವುಡ್ ಮೇಲೆ ನಾನು ಲೋಟ ನೀರು ಚೆಲ್ಲಿದೆ, ಸಂಜೆಯೊಳಗೆ ಪೂರಿಯ ಹಾಗೆ ಉಬ್ಬಿತು. ಅವನನ್ನೂ ಪ್ಲೈವುಡ್ಡನ್ನೂ ಕೂಡಿಸಿ ಕಳಿಸಿದೆ. ಸುಖೇಶ್‌ಗೆ ಹೋಟೆಲೇ ಸಂಸಾರ, ನೀನೇ ನೋಡಿಕೋ ಎಂದರು.

ಕೆಳಗಿನ ಮನೆಯಲ್ಲಿ ಮರೆಮ್ಮ ಎಂದು ಇದ್ದಾರೆ. ರಾಯಚೂರು ಕಡೆಯವರು. ಯಜಮಾನರು ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿದ್ದವರು, ಈ ಕಟ್ಟಡ ಎದ್ದಾಗಿನಿಂದ ಇಲ್ಲೇ ವಾಸ. ನನಗೆ ಇಲ್ಲಿ ಕನ್ನಡವೆಂದರೆ ಅವರೇ. ಅವರು ಒಬ್ಬ ಮಿಸ್ತ್ರಿಯ ಹೆಸರು ಹೇಳಿದರು. "ಭಾಳ ನಂಬಿಗಸ್ಥ ಅದಾನ್ರಿ. ಕೇಳಲಾರ್ದ ಒಂದು ಮೊಳಿ ಸೈತ ಬಡಿಯಂಗಿಲ್ಲ" ಎಂದರು. ಹೆಸರು ಧರ್ಮರಾಜ ಎಂದಾಗ ನನಗೆ ನಗು ತಡೆಯಲಿಲ್ಲ. ಯಮನನ್ನೇ ಕರೆಸಿ ಕಪಾಟು ಮಾಡಿಸುತ್ತಿದ್ದೇನೆ ಎಂದು ಆ ದಿನ ನಿನಗೂ ಫೋನಿನಲ್ಲಿ ಹೇಳಿದ್ದೆ, ನೆನಪಿದೆಯಾ? ಸಂಜೆ ಹೊತ್ತು ಅಂಥ ಮಾತು ಆಡಬೇಡ ಎಂದು ಬೈದಿದ್ದೆ.

ಅಕ್ಷಯ ತೃತೀಯ ಕಳೆದ ಮೇಲೆ ಬಂದರು. ವಯಸ್ಸಾದ ಮನುಷ್ಯ. ಅಡಿಗೆ ಮನೆಯ ಹೊಸಿಲ ಹೊರಗೇ ಚಪ್ಪಲಿ ಬಿಟ್ಟರು, ಚೀಲ ಕೆಳಗಿಟ್ಟರು. ಅಳತೆ ಟೇಪು ತೆಗೆಯಲಿಲ್ಲ. ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಸುಮ್ಮನೆ ನಿಂತು, ಮತ್ತೊಂದು ಸಲ ತಟ್ಟಿದರು. ಆಮೇಲೆ ಕೇಳಿದರು, "ಕೋಣೆ?"

ನನಗೆ ಎಷ್ಟು ಸಂತೋಷವಾಯಿತು ಗೊತ್ತಾ! ಅವರನ್ನು ಬಾಗಿಲವರೆಗೆ ಬಿಟ್ಟುಹೋದ ಮರೆಮ್ಮನ ಹತ್ತಿರ ಆಗಷ್ಟೇ ನಾನು ಅಡಿಗೆ ಕೋಣೆ, ಅಡಿಗೆ ಕೋಣೆ ಎಂದು ಹತ್ತು ಸಲ ಹೇಳಿದ್ದೆ. ಪಾಪ, ಕೇಳಿಸಿಕೊಂಡು ಕನ್ನಡ ಕಲಿತುಬಿಟ್ಟರು ಎಂದುಕೊಂಡೆ. ನನ್ನ ಮರಾಠಿ ತರಕಾರಿ ಗಾಡಿಯ ಮರಾಠಿ. ಅದರಲ್ಲೇ "ಹೋ, ಕೋಣೆ", ಹೌದು ಕೋಣೆ, ಎಂದೆ. ಅವರು ಗೋಡೆಯ ಕಡೆಯೇ ಮುಖ ಮಾಡಿಕೊಂಡು "ಲಹಾನ್ ಕೀ ಮೋಠಂ?" ಎಂದರು. ಚಿಕ್ಕದೋ ದೊಡ್ಡದೋ ಎಂದು. ಬದನೆಕಾಯಿ ಕೊಳ್ಳುವಾಗ ದಿನಾ ಕೇಳುವ ಮಾತು, ಅದು ನನಗೆ ಬರುತ್ತದೆ. ಲಹಾನ್ ಎಂದೆ. ಇಷ್ಟೇ ಎಂದು ನೆಲದಿಂದ ಮೊಣಕಾಲಿನಷ್ಟು ಎತ್ತರಕ್ಕೆ ಅಂಗೈ ಹಿಡಿದು ತೋರಿಸಿದೆ ಬೇರೆ. ಅವರು ನನ್ನ ಕೈ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ತೆಗೆಯಲೇ ಎಂದು ಕೇಳಿದರು. ಒಳಗಿನ ಕಸ, ಇಟ್ಟಿಗೆ ಚೂರು ಇರುತ್ತದಲ್ಲ, ಮತ್ತೇನು ಮಾಡುವುದು? ತೆಗೆಯಿರಿ ಎಂದೆ. ಅವರು ಇನ್ನೊಮ್ಮೆ ಕೇಳಿದರು. ಹೋ, ಹೋ ಎಂದು ನಾನೇ ಅವಸರ ಮಾಡಿದೆ. ಹಣೆಗೆ ಕೈ ಮುಟ್ಟಿಸಿಕೊಂಡು ಮೊದಲ ಪೆಟ್ಟು ಹಾಕಿದರು.

ಗೋಡೆ ಬಿತ್ತು. ಒಳಗೆ ಒಂದು ಗೂಡು, ಒಬ್ಬರು ಕುಕ್ಕರುಗಾಲಲ್ಲಿ ಕೂರಬಹುದಾದಷ್ಟು. ಎಷ್ಟು ವರ್ಷದಿಂದ ಮುಚ್ಚಿದ್ದೋ, ಒಂದು ಚೂರು ಧೂಳಿಲ್ಲ, ಜೇಡರ ಬಲೆಯಿಲ್ಲ. ಎಳೆ ಮಗುವಿನ ನೆತ್ತಿಗೆ ಎಣ್ಣೆ ಹಾಕಿದರೆ ಬರುತ್ತದಲ್ಲ, ಆ ವಾಸನೆ. ಪಕ್ಕದ ಮನೆಯದಿರಬೇಕು ಎಂದುಕೊಂಡೆ.

ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಅಮ್ಮ. ಬಾಗಿಲು ಹಾಕಿದರೆ ಸದ್ದೇ ಇಲ್ಲ. ತೇಗದ ಅಂಚನ್ನು ಎಲ್ಲ ಕಡೆ ಉಜ್ಜಿ ಉಜ್ಜಿ ದುಂಡಗೆ ಮಾಡಿದರು, ಎಲ್ಲಿ ತಗುಲಿದರೂ ಗೀರುವುದಿಲ್ಲ. ಆದರೆ ಹಿಡಿಯನ್ನು ನನ್ನ ಮೊಣಕಾಲಿನ ಮಟ್ಟಕ್ಕೆ ಇಟ್ಟರು. ಕೆಳಗಿನ ಹಲಗೆಯನ್ನು ಕೂರುವ ಮಣೆಯ ಹಾಗೆ ಅಗಲ ಮಾಡಿದರು. ಚಿಲಕವನ್ನು ಒಳಗಡೆ ಹಾಕಿದರು. ಒಳಗಡೆ! ಕಪಾಟಿನೊಳಗೆ ಕೂತು ಚಿಲಕ ಹಾಕಿಕೊಳ್ಳಲು ನಾನೇನು ಉಪ್ಪಿನಕಾಯಿ ಭರಣಿಯೇ ಎಂದು ಸುಖೇಶ್ ಹತ್ತಿರ ನಕ್ಕೆ. ಮಿಸ್ತ್ರಿಗೆ ತೋರಿಸಿದರೆ ಇರಲಿ ಎಂದು ಕೈಸನ್ನೆ ಮಾಡಿದರು.

ಕೊನೆಯ ದಿನ ಉಪಕರಣ ಕಟ್ಟಿಟ್ಟು ಕಪಾಟಿನ ಬಾಗಿಲಿಗೆ ಅದೇ ರೀತಿ ತಟ್ಟಿದರು. ಎರಡು, ತಡೆದು ಒಂದು. "ಕೋಣೆ?" ಎಂದರು. ಕಾದರು. ಆಮೇಲೆ ನನ್ನ ಕಡೆ ತಿರುಗಿ "ಆತಾ ಕೋಣೀ ನಾಹೀ" ಎಂದರು. ಈಗ ಕೋಣೆ ಇಲ್ಲ, ಸರಿ ತಾನೇ, ಗೋಡೆ ಒಡೆದ ಮೇಲೆ ಕೋಣೆ ಎಲ್ಲಿಂದ ಬರಬೇಕು ಎಂದು ನಾನೂ ತಲೆಯಾಡಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ಅದಕ್ಕಿಂತ ಕೆಳಗೆ ನೋಡಿ, ಕೈಮುಗಿದು ಹೊರಟುಹೋದರು.

ಮುಂದಿನ ವಾರ ನಾನು ನಿನಗೆ ಆ ಸುದ್ದಿ ಹೇಳಿದೆ. ನೀನು ಫೋನಿನಲ್ಲೇ ಅತ್ತೆ. ನಾನೂ ಅತ್ತೆ. ಅದಕ್ಕಿಂತ ದೊಡ್ಡ ಸುಖ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಈಗ ನಾನು ನಿನಗೆ ಹೇಳಿದ ಸುಳ್ಳು. ದೀಪಾವಳಿ ಕಳೆದ ಮೇಲೆ ನಾವು ಕಾರಿನಲ್ಲಿ ಊರಿಗೆ ಹೊರಟೆವು, ದಾರಿಯಲ್ಲಿ ಕಾರು ಕೆಟ್ಟು ವಾಪಸಾದೆವು ಎಂದೆನಲ್ಲ, ಕಾರಿಗೆ ಏನೂ ಆಗಿರಲಿಲ್ಲ. ಬೆಳಗ್ಗಿನಿಂದ ಮಗು ಒಳಗೆ ಒದೆಯುತ್ತಲೇ ಇತ್ತು, ಅಜ್ಜಿ ಮನೆಗೆ ಹೊರಟ ಸಂಭ್ರಮ ನೋಡು ಎಂದು ಸುಖೇಶ್ ನಗುತ್ತಿದ್ದರು. ಕಾತ್ರಜದ ಸುರಂಗ ದಾಟಿದ್ದೇ ತಡ, ನಿಂತುಹೋಯಿತು. ಮಲಗಿರಬೇಕು ಎಂದು ಸಿಹಿ ತಿಂದೆ, ನೀರು ಕುಡಿದೆ, ಎಡಕ್ಕೆ ಒರಗಿದೆ. ಇಲ್ಲ. ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗೆ. ಖೇಡ್ ಶಿವಾಪುರದ ಟೋಲ್ ಹತ್ತಿರ ನಾನು ಅಳಲು ಶುರು ಮಾಡಿದೆ, ಸುಖೇಶ್ ಕಾರು ತಿರುಗಿಸಿದರು. ಆಸ್ಪತ್ರೆಗೆ ಹೋಗುವ ಮೊದಲು ಫೈಲು ತರಲು ಮನೆಗೆ ಬಂದೆವು. ಕೆಳಗೆ ಒಬ್ಬಳೇ ಕೂತಿರಲು ಹೆದರಿ ಅವರ ತೋಳು ಹಿಡಿದು ಹತ್ತಿದೆ. ಅಡಿಗೆ ಮನೆಯ ಹೊಸಿಲಿಗೆ ಕಾಲಿಟ್ಟೆ ನೋಡು, ಹೊಟ್ಟೆಯ ಒಳಗಿನಿಂದ ಎರಡು ಪೆಟ್ಟು. ತಡೆದು, ಇನ್ನೊಂದು.

ಡಾಕ್ಟರು ಸ್ಕ್ಯಾನ್ ಮಾಡಿ ಎಲ್ಲ ಸರಿ ಇದೆ ಎಂದರು. ನನ್ನ ಸ್ವಭಾವ ನಿನಗೆ ಗೊತ್ತು, ನನಗೆ ಸುಮ್ಮನಿರಲಾಗಲಿಲ್ಲ. ಮಾರನೇ ವಾರ ಸುಖೇಶ್‌ಗೆ ಹೇಳದೆ ಒಬ್ಬಳೇ ಆಟೋ ಹಿಡಿದು ಸುರಂಗದ ಆಚೆಗೆ ಹೋಗಿ ಬಂದೆ. ಹಾಗೆಯೇ ಆಯಿತು. ಆಟೋದವನು ನನ್ನ ಮುಖ ನೋಡಿ ಹೆದರಿ, ಹಾಡು ಬಂದ್ ಮಾಡಿ ಓಡಿಸಿದ.

ಆವತ್ತು ಮರೆಮ್ಮ ಉಪ್ಪಿಟ್ಟು ತಂದು ಪಕ್ಕದಲ್ಲಿ ಕೂತಿದ್ದರು. ನನಗೆ ಮನಸ್ಸು ಬೇರೆ ಕಡೆ ತಿರುಗಿಸಿದರೆ ಸಾಕಾಗಿತ್ತು. ಕನ್ನಡ ಕಲಿತ ಮಿಸ್ತ್ರಿಯ ಕಥೆಯನ್ನು ತಮಾಷೆಗೆಂದು ಹೇಳಿದೆ, ಅವರ ಹಾಗೆಯೇ ತಟ್ಟಿ ತೋರಿಸಿದೆ. ಮರೆಮ್ಮ ನಗಲಿಲ್ಲ. ತಟ್ಟೆ ಕೆಳಗಿಟ್ಟರು. "ತಂಗಿ, ಅವಾ ಕನ್ನಡ ಮಾತಾಡಿಲ್ಲವ್ವ. ಮರಾಠಿ ಒಳಗ ಕೋಣೇ ಅಂದ್ರ, ಯಾರದಾರ ಒಳಗ ಅಂತ" ಎಂದರು.

ಅಮ್ಮ, ಈಗ ಹಿಂದಿನ ಪುಟ ತಿರುಗಿಸಿ ಓದು. ಒಳಗೆ ಯಾರು ಎಂದು ಅವರು ಕೇಳಿದರು, ಇದ್ದಾರೆ ಎಂದೆ. ಚಿಕ್ಕವರೋ ದೊಡ್ಡವರೋ ಎಂದರು, ಚಿಕ್ಕದು, ಇಷ್ಟೇ ಎತ್ತರ ಎಂದು ಕೈ ಹಿಡಿದು ತೋರಿಸಿದೆ. ಹೊರಗೆ ತೆಗೆಯಲೇ, ಎಂದರೆ ಅದನ್ನು ಹೊರಗೆ ಕರೆಯಲೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದವಳು ನಾನು. ಕೆಲಸ ಮುಗಿಸಿ, ಈಗ ಒಳಗೆ ಯಾರೂ ಇಲ್ಲ ಎಂದು ಹೇಳಿಯೇ ಹೋದರು.

ಮರೆಮ್ಮ ಮುಚ್ಚಿಟ್ಟಿದ್ದನ್ನೂ ಆಗ ಹೇಳಿದರು. ನಮಗಿಂತ ಮೊದಲು, ಅದಕ್ಕೂ ಮೊದಲು, ಈ ಮನೆಯಲ್ಲಿದ್ದವರ ಮಗು ಕಣ್ಣುಮುಚ್ಚಾಲೆ ಆಡುವಾಗ ಆ ಗೂಡಿನಲ್ಲೇ ಅಡಗುತ್ತಿತ್ತಂತೆ. ಜ್ವರ ಬಂದು ತೀರಿಕೊಂಡಿತಂತೆ. ಆಮೇಲೂ ಒಳಗಿನಿಂದ ತಟ್ಟುವುದು ಕೇಳುತ್ತದೆ ಎಂದು ಆ ತಾಯಿ ಇಟ್ಟಿಗೆ ಇಡಿಸಿ ಮುಚ್ಚಿಸಿದಳಂತೆ. ಯಾರೂ ಹುಡುಕಲು ಬಾರದೆ ಅದು ಅಲ್ಲೇ ಕೂತಿತ್ತು, ಅಮ್ಮ.

ಮರೆಮ್ಮನಿಂದಲೇ ಧರ್ಮರಾಜ ಮಿಸ್ತ್ರಿಗೆ ಫೋನ್ ಮಾಡಿಸಿದೆ. ನಾನು ಬೈಯಬೇಕು ಎಂದುಕೊಂಡಿದ್ದೆ. ಆದರೆ ಆ ಮನುಷ್ಯ ಕೇಳದೆ ಏನು ಮಾಡಿದ್ದಾರೆ? ಅವರು ಹೇಳಿದ್ದನ್ನು ಮರೆಮ್ಮ ತಿರುಗಿಸಿ ಹೇಳಿದರು. "ಅಕ್ಕಾರು ಹೌದಂದ್ರು, ನಾ ಕರದೆ. ಕರದವ್ರ ಕೂಡ ಹೋತು. ಆ ಮನಿ ಬಿಟ್ಟು ಹೊರಗ ಹೋಗೂದು ಅದಕ್ಕ ಇನ್ನಾ ಗೊತ್ತಿಲ್ಲ. ಹುಟ್ಟಿದ ಮ್ಯಾಲ ಕಲೀತದ."

ಸುಖೇಶ್ ಇದನ್ನೆಲ್ಲ ನಂಬುವುದಿಲ್ಲ ಎನ್ನುತ್ತಾರೆ. ಮನೆ ಬದಲಿಸೋಣ ಎಂದೂ ಹೇಳುತ್ತಾರೆ, ನಂಬದವರಿಗೆ ಮನೆ ಯಾಕೆ ಬದಲಿಸಬೇಕೋ. ಈಗೀಗ ಅಡಿಗೆ ಮನೆಗೆ ಬರುವಾಗ ಅವರೂ ಚಪ್ಪಲಿ ಹೊರಗೆ ಬಿಡುತ್ತಾರೆ.

ನನಗೆ ಹೆದರಿಕೆ ಇಲ್ಲವೇ ಎಂದು ಕೇಳುತ್ತೀ. ಇದೆ. ಕಪಾಟಿನ ಕಡೆ ಬೆನ್ನು ಹಾಕಿ ದೋಸೆ ಹುಯ್ಯಲು ನನ್ನಿಂದ ಆಗುವುದಿಲ್ಲ. ಆದರೆ ಇಷ್ಟು ವರ್ಷ ಎಷ್ಟು ದೇವರ ಮುಂದೆ ಒಂದು ಮಗು ಕೊಡು ಎಂದು ಬೇಡಿದೆವು, ಎಂಥ ಮಗು, ಎಲ್ಲಿಂದ ಬಂದ ಮಗು ಎಂದು ನಾವು ಒಂದು ದಿನವೂ ಹೇಳಲಿಲ್ಲ. ಬಾ ಎಂದು ಕರೆದವಳು ನಾನು. ಬಂದಿದೆ. ಮತ್ತೆ ಇಟ್ಟಿಗೆ ಇಟ್ಟು ಮುಚ್ಚಿಸುವ ತಾಯಿ ನಾನಾಗಲಾರೆ.

ಅದಕ್ಕೇ ನಾನು ಬರುವುದಿಲ್ಲ. ಬಂದರೆ ನಿನ್ನ ಮಡಿಲಿಗೆ ಬರಿಗೈಯಲ್ಲಿ ಬರಬೇಕಾಗುತ್ತದೆ. ನೀನೇ ಬಾ, ಅಮ್ಮ. ಮಗಳ ಮನೆಯಲ್ಲಿ ಬಾಣಂತನ ಮಾಡಿದಳು ಎಂದು ಊರವರು ಆಡಿಕೊಳ್ಳಲಿ. ಲೇಹ್ಯ ಅಲ್ಲೇ ಮಾಡಿ ತಾ, ಗಾಣದ ಎಣ್ಣೆ ತಾ, ನಿನ್ನ ಹಳೆಯ ಹತ್ತಿ ಸೀರೆ ಹರಿದು ತುಂಡು ಮಾಡಿ ತಾ. ಹೊಸ ಬಟ್ಟೆ ಬೇಡ. ನಿನ್ನ ಸೀರೆಯ ವಾಸನೆ ಅದಕ್ಕೆ ಮೊದಲ ದಿನದಿಂದಲೇ ಗೊತ್ತಾಗಲಿ.

ನಿನ್ನ ಕೋಪ ಇಳಿಯಲಿ ಎಂದು ಕಾಯುತ್ತಿರುವ,
ನಿನ್ನ ಲೀಲು
(ಲೀಲಾಕ್ಷಿ)

ಮರೆತ ಮಾತು: ಬಂದಾಗ ಬಾಗಿಲು ತಟ್ಟಬೇಡ, ಬೆಲ್ ಒತ್ತು. ತಟ್ಟಿದರೆ ನನ್ನ ಹೊಟ್ಟೆಯಿಂದ ಅದೂ ತಟ್ಟುತ್ತದೆ. ಇನ್ನೊಂದು, ಈ ಮನೆಯಲ್ಲಿ ಬಾಣಂತಿ ಕೋಣೆ ಎಲ್ಲಿ ಎಂದು ಬಾಯಿ ತಪ್ಪಿಯೂ ಕೇಳಬೇಡ, ರೂಮು ಎನ್ನು. ಕೋಣೆ ಎಂದರೆ ಯಾರು ನೀನು ಎಂದು ಕೇಳಿದ ಹಾಗೆ ಅದಕ್ಕೆ. ನಿನ್ನೆ ನಾನೇ ಮರೆತು ಅಂದುಬಿಟ್ಟೆ. ಎರಡು, ತಡೆದು ಒಂದು. ಮತ್ತೆ ಎರಡು, ತಡೆದು ಒಂದು. ನಿಲ್ಲಲೇ ಇಲ್ಲ. ಕೊನೆಗೆ ಹೊಟ್ಟೆಯ ಮೇಲೆ ಕೈಯಿಟ್ಟು "ನಮ್ಮದು" ಎಂದೆ. ಸುಮ್ಮನಾಯಿತು. ನಿನ್ನ ಬಾಯಲ್ಲಿ ಆ ಮಾತು ಬಂದುಬಿಟ್ಟರೆ ನೀನೂ ತಡಮಾಡದೆ ಹಾಗೆ ಹೇಳಬೇಕು. ಹೇಳಲು ನಿನ್ನಿಂದ ಆಗುವುದಾದರೆ ಮಾತ್ರ ಬಾ, ಅಮ್ಮ.