ಆನೆಯ ಓಣಿಗೆ ಅಡ್ಡ ಕಟ್ಟಿದ ಗೋಡೆ

ನಮ್ಮ ಪ್ರಾಣ ಕಾಪಾಡಲೆಂದೇ ನೇಮಕಗೊಂಡಿರುವ ಮಾನ್ಯ ಅರಣ್ಯಾಧಿಕಾರಿಗಳೇ,

ನಮ್ಮ ಕಾಲೋನಿಯ ಓಣಿಗೆ ಅಡ್ಡಲಾಗಿ ನೀವು ಕಟ್ಟಿಸಿದ ಗೋಡೆಯನ್ನು ಒಡೆಸಿಬಿಡಿ. ನನಗೆ ಹೆದರಿಕೆಯಾಗುತ್ತಿದೆ. ಸುತ್ತಿಬಳಸಿ ಹೇಳುವಷ್ಟು ಧೈರ್ಯ ಉಳಿದಿಲ್ಲ.

ಕಾಡಿನಿಂದ ಎಬ್ಬಿಸಿ ಈ ಸಿಮೆಂಟು ಮನೆಗಳಿಗೆ ತಂದಾಗ ನಮ್ಮ ಹಿರಿಯರು ಕೇಳಿದ್ದು ಒಂದೇ: ಎರಡು ಸಾಲು ಮನೆಗಳ ನಡುವೆ ಆನೆ ಹೋಗುವಷ್ಟು ಜಾಗ ಬಿಡಿ, ಅದು ಅವುಗಳ ದಾರಿ. ಆ ಓಣಿಯಲ್ಲಿ ನಾವು ಸೌದೆ ಒಟ್ಟಲಿಲ್ಲ, ಬಟ್ಟೆ ಒಣಹಾಕಲಿಲ್ಲ, ಕಾಳು ಹರಡಲಿಲ್ಲ. ಅವು ಬರುವ ಸುಳಿವು ಸಿಕ್ಕರೆ ದೀಪ ತಗ್ಗಿಸಿ, ಮಕ್ಕಳನ್ನು ಒಳಗೆ ಕರೆದು ಸುಮ್ಮನಾಗುತ್ತಿದ್ದೆವು. ನಂಬಿ ಮೈಮರೆಯಲು ಅವೇನು ನೆಂಟರಲ್ಲ, ದಾರಿಹೋಕರು, ಅಷ್ಟೇ. ಅವು ಹೊಳೆಗೆ ಇಳಿದ ಮೇಲೆ ನಾನು ಮತ್ತೆ ಹೊಲಿಗೆಗೆ ಕೂರುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ನೀವು ಪರಿಶೀಲನೆಗೆ ಬಂದು ನಮ್ಮ ಅಜ್ಞಾನಕ್ಕೆ ಮರುಗಿದಿರಿ. ಮನುಷ್ಯರ ವಸತಿಯಲ್ಲಿ ಪ್ರಾಣಿಗೆ ದಾರಿಯೇ? ನನ್ನ ಅತ್ತೆ ವಿವರಿಸಹೋದರೆ, "ಜಾಗ ಸರ್ಕಾರದ್ದು ಅಜ್ಜಿ, ಆನೇದಲ್ಲ" ಎಂದು ನಕ್ಕಿರಿ. ಸರಿಯಾದ ಮಾತೇ. ಆನೆಗಳಿಗೂ ಈ ತಿಳಿವಳಿಕೆ ಕೊಟ್ಟಿದ್ದರೆ ಉಪಕಾರವಾಗುತ್ತಿತ್ತು.

ಈಗ ಮುಸ್ಸಂಜೆಗೆ ಅವು ಬಂದು ಗೋಡೆಯ ಮುಂದೆ ನಿಲ್ಲುತ್ತವೆ. ಹೋಗುವುದಿಲ್ಲ. ಹಿಂಡಿನ ದೊಡ್ಡ ಹೆಣ್ಣಾನೆ ಹಣೆಯೊತ್ತಿ ನೂಕುತ್ತದೆ. ನಿಮ್ಮ ಕಾವಲುಗಾರರು ಪಟಾಕಿ ಹೊಡೆದರೆ ಬೆದರಿ ಇನ್ನೂ ಜೋರಾಗಿ ನೂಕುತ್ತದೆ. ಹೊಳೆಯಿರುವುದು ಗೋಡೆಯ ಈಚೆ, ನಮ್ಮ ಕಡೆಗಲ್ಲವೇ? ನಿಮ್ಮ ಗೋಡೆ ನನ್ನ ಮನೆಯ ಗೋಡೆಗೇ ಕೂಡಿಕೊಂಡಿದೆ. ಮೊನ್ನೆ ಮಗಳ ತಲೆದಿಂಬಿನ ಮೇಲೆ ಗಾರೆ ಉದುರಿತ್ತು. ಅವಳು ಅದನ್ನು ಕೊಡವಿ ಮತ್ತೆ ಮಲಗಿದಳು. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಮೊದಲು ಅವು ನಮ್ಮನ್ನ ದಾಟ್ಕೊಂಡು ಹೋಗ್ತಿದ್ವು ಕಣೇ. ಈಗ ನಮ್ಮ ಹತ್ರಾನೇ ಬರೋ ಹಾಗೆ ಮಾಡಿಬಿಟ್ರು."

ನಿಮ್ಮ ಕಚೇರಿಗೆ ಬಂದು ಇದನ್ನೆಲ್ಲ ಹೇಳಿದೆ. ಹಾಗಾದರೆ ಗೋಡೆಯನ್ನು ಇನ್ನಷ್ಟು ಎತ್ತರಿಸೋಣ ಎಂಬ ಭರವಸೆ ಸಿಕ್ಕಿತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ ತಾನೇ? ಎತ್ತರ ಹೆಚ್ಚಿದಷ್ಟೂ ಬೀಳುವ ಕಲ್ಲು ಹೆಚ್ಚು ಎಂಬುದು ನಿಮಗೆ ಹೊಳೆಯಲಿಲ್ಲವೇ? ನೆಲವೆಲ್ಲ ಮನುಷ್ಯನಿಗೇ ಎಂದು ನೀವು ಬಗೆದದ್ದು ಇಲ್ಲಿನ ಮನುಷ್ಯರಿಗೇ ಮುಳುವಾಗಿದೆ.

ಗೋಡೆ ಒಡೆಸಿ, ಓಣಿಯನ್ನು ಅವುಗಳಿಗೆ ಬಿಡಿ. ಆಗದು ಎನ್ನುವುದಾದರೆ ಇಷ್ಟಾದರೂ ತಿಳಿಸಿ. ನಮ್ಮದು ಒಂದೇ ಕೋಣೆ. ಒಂದು ಪಕ್ಕ ಒಲೆ, ಒಂದು ಪಕ್ಕ ಹೊಲಿಗೆ ಯಂತ್ರ, ಇನ್ನೊಂದು ಪಕ್ಕ ಬಾಗಿಲು, ಉಳಿದದ್ದು ನಿಮ್ಮ ಗೋಡೆಯ ಪಕ್ಕ. ಇವತ್ತು ಕತ್ತಲಾಗುವ ಮೊದಲು ಮಗಳ ಹಾಸಿಗೆಯನ್ನು ಎಲ್ಲಿ ಹಾಸಲಿ?

ಇಂತಿ,
ನಿಮ್ಮ ರಕ್ಷಣೆಗೆ ಸಿಕ್ಕಿಬಿದ್ದಿರುವ
ಓಣಿಯ ಅಂಚಿನ ಮನೆಯ ಬಟ್ಟೆ ಹೊಲಿಯುವವಳು