ಹಾಲಮ್ಮನ ಹಾಡಿನಲ್ಲಿ ಖಾಲಿ ಬಿಟ್ಟ ಜಾಗ

ದಾವಣಗೆರೆ, ನೆರಳುಗಿರಣಿ ಗೇಟು
ಫೆಬ್ರವರಿ 30, 2197, ಬೆಳಿಗ್ಗೆ

ಗಿರಣಿ ಗೇಟಿನ ಮುಂದೆ ನಿಂತು ಹಾಡಿದವರಿಗೆ, ಹಾಡಿಗೆ ದನಿ ಕೂಡಿಸಿದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಸರ್ಕಾರ ಬಿಸಿಲುರಜೆ ಕೊಡಬೇಕಾದ ತಿಂಗಳುಗಳನ್ನು ಮೊಟಕು ಮಾಡಿ, ಕಿತ್ತ ದಿನಗಳನ್ನು ಫೆಬ್ರವರಿಗೆ ತುರುಕಿದೆ. ಬಿಸಿಲು ಇದ್ದಷ್ಟೇ ಇದೆ, ರಜೆ ಕರಗಿತು. ಈ ಕಾಗದದಲ್ಲಿ ನೀವು ಕೇಳರಿಯದ ಪದಗಳು ಬಂದರೆ ಮನ್ನಿಸಿ. ನಿಮ್ಮ ಎಷ್ಟೋ ಪದಗಳು ನಮಗೂ ಹಾಗೆಯೇ. ಇದು ಹಿಮ್ಮೊಗದ ಅಂಚೆಯಲ್ಲಿ ಬರುತ್ತಿದೆ. ಆ ಅಂಚೆ ಹಿಂದಿನ ಕಾಲಕ್ಕೆ ಹೋಗುತ್ತದೆ, ಅಲ್ಲಿಂದ ಉತ್ತರ ತರುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ನಾನು ಇಮಾಂಬಿ, ಮಗ್ಗದವಳು, ಸಂಘದ ಕರಪತ್ರ ಬರೆಯುವವಳು. ನಾವು ನೇಯುವುದು ನೆರಳುಬಟ್ಟೆ. ಬೀದಿಯ ಈ ಮಾಡಿನಿಂದ ಆ ಮಾಡಿಗೆ ಎಳೆದು ಕಟ್ಟುವ ದಪ್ಪನೆಯ ಬಟ್ಟೆ ಅದು. ಅದಿಲ್ಲದೆ ನಡುಹಗಲಲ್ಲಿ ಹೊರಗೆ ಕಾಲಿಡುವಂತಿಲ್ಲ. ದೊಡ್ಡ ಬೀದಿಗಳಲ್ಲಿ ಅದರಡಿ ಮಂಡಕ್ಕಿ ಮಾರುತ್ತಾರೆ, ಮದುವೆ ಮೆರವಣಿಗೆ ಹೋಗುತ್ತದೆ, ಮುದುಕರು ಚೌಕಾಬಾರ ಆಡುತ್ತಾರೆ. ನೇಯುವ ನಮ್ಮ ಕೇರಿಗೆ ಮಾತ್ರ ಒಂದು ಗೇಣು ಬಟ್ಟೆಯೂ ಬಂದಿಲ್ಲ. ನಮ್ಮ ಮಕ್ಕಳು ತಲೆಯ ಮೇಲೆ ಒದ್ದೆ ಗೋಣಿಚೀಲ ಹೊದ್ದು ಶಾಲೆಗೆ ಹೋಗುತ್ತವೆ. ಕೇಳಿದರೆ ಮುಂದಿನ ವರ್ಷ ಅನ್ನುತ್ತಾರೆ. ಹದಿನೈದು ದಿನದಿಂದ ಮಗ್ಗ ನಿಲ್ಲಿಸಿದ್ದೇವೆ.

ಗಿರಣಿಯೊಳಗೆ ಮಾತಾಡುವುದು ನಿಷಿದ್ಧ, ಹಾಡಬಹುದು. ಹಾಡಿದರೆ ಕೈ ಚುರುಕಾಗುತ್ತದೆಂದು ಯಜಮಾನರ ಲೆಕ್ಕ. ಹಾಗಾಗಿ ನಮ್ಮ ಸುದ್ದಿ, ಜಗಳ, ಸಂಚು ಎಲ್ಲವೂ ಹಾಡಿನಲ್ಲೇ ಓಡಾಡುತ್ತವೆ. ಆ ಹಾಡುಗಳ ಬೇರು ನಿಮ್ಮ ಕಾಲದಲ್ಲಿದೆ. ನೂಲಿನ ವಿಭಾಗದಲ್ಲಿ ದುಡಿಯುತ್ತಿದ್ದ ಖಾಸಿಂಸಾಬ್ ಕಟ್ಟಿದ ಹಾಡು, ಕಸ ಗುಡಿಸುತ್ತಿದ್ದ ಹಾಲಮ್ಮನ ಗಂಟಲು. ಗೇಟಿನ ಮುಂದೆ ಯಾರೋ ಒಂದು ಕ್ಯಾಸೆಟ್ಟಿಗೆ ಹಿಡಿದುಕೊಂಡರು. ಇನ್ನೂರು ವರ್ಷದ ಮೇಲೂ ಇಲ್ಲಿ ಕೂಸುಗಳು ಅದನ್ನು ಕೇಳುತ್ತಾ ಮಲಗುತ್ತವೆ, ಹೆಣ ಎತ್ತುವಾಗ ಅದನ್ನೇ ಹಾಡುತ್ತೇವೆ. ರಾಜರ ಶಾಸನಗಳು ಸವೆದವು, ಕಸದವಳ ದನಿ ಸವೆಯಲಿಲ್ಲ.

ಅವರಿಬ್ಬರದೂ ಒಂದು ಪದ್ಧತಿ ಇತ್ತು. ಪ್ರತಿ ನುಡಿಯ ಕೊನೆಗೆ ಒಂದು ಪ್ರಶ್ನೆ. ಅದರ ಉತ್ತರವನ್ನು ಹಾಲಮ್ಮ ಹಾಡುತ್ತಿರಲಿಲ್ಲ, ಜನ ಹಾಡಬೇಕಿತ್ತು. "ನೇಯ್ದವರು ನಾವು, ಉಡುವವರು ಯಾರು?" ಎಂದು ಈಗ ನಮಗೆ ಉಳಿದಿರುವ ದನಿಯಲ್ಲಿ ಕೇಳಿ ನಿಲ್ಲಿಸುತ್ತಾಳೆ. ಜನ ನಾಚಿಕೊಂಡರೇನೋ, ಬೈಯುತ್ತಾಳೆ. "ಏ, ಬಾಯಿ ಬಿಡ್ರವ್ವಾ. ಉಣ್ಣಾಕಷ್ಟೇ ಐತೇನು ಬಾಯಿ?" ಆಮೇಲೆ ಮೌನ. ಆಮೇಲೆ ಆಕೆ ನಗುತ್ತಾಳೆ. "ಹಾಂ, ಹಂಗೆ."

ಆ ಮೌನದಲ್ಲಿ ನೀವಿದ್ದಿರಿ. ನಿಮ್ಮನ್ನು ಅಳಿಸಿದವರು ಯಜಮಾನರಲ್ಲ, ನಮ್ಮ ಸಂಘದ ಹಿರಿಯರೇ. ನನ್ನ ಮುತ್ತಜ್ಜಿಯ ಕಾಲದಲ್ಲಿ ಅವರು ಭಕ್ತಿಯಿಂದ ಆ ಧ್ವನಿಯನ್ನು ತೊಳೆದರು. ಕೆಮ್ಮು ಹೋಯಿತು, ಕೂಸಿನ ಅಳು ಹೋಯಿತು, ಗದ್ದಲ ಹೋಯಿತು, ತಾಯಿಯ ಕಂಠವೊಂದೇ ಉಳಿಯಿತು ಎಂದು ಹೆಮ್ಮೆಪಟ್ಟು, ಹಳೆಯ ಕ್ಯಾಸೆಟ್ಟನ್ನು ಹೊಳೆಗೆ ಬಿಟ್ಟರು. ಹಾಲಮ್ಮನನ್ನು ದೇವರ ಕೋಣೆಗೆ ಕೂರಿಸಿ ಬಾಗಿಲು ಹಾಕಿದರು. ಗದ್ದಲವೇ ಉತ್ತರವಾಗಿತ್ತು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಹಾಡುಗಾರರನ್ನು ಪೂಜಿಸುವವರು ಮಾಡುವ ಕೆಲಸವೇ ಇದು.

ಖಾಲಿ ಜಾಗ ಕಂಡರೆ ಆಳುವವರು ಸುಮ್ಮನಿರುತ್ತಾರೆಯೇ? ಗಿರಣಿಯವರ ನಾದಭಂಡಾರ, ಅಂದರೆ ಹಳೆಯ ದನಿಗಳನ್ನು ಕೂಡಿಟ್ಟು ಬೀಗ ಹಾಕಿದ ಮನೆ, ಅಲ್ಲಿ ಯಂತ್ರದಿಂದ ಉತ್ತರ ಮಾಡಿಸಿ ತುಂಬಿದ್ದಾರೆ. "ನಾಡೆಲ್ಲ ಉಡುವುದು, ನಾಡಿಗೆ ಜಯವು." ನೂರು ಸುಳ್ಳು ಗಂಟಲುಗಳ ಕೂಗು, ಅದರ ಬೆನ್ನಿಗೆ ನಮ್ಮ ಹಾಲಮ್ಮನ ನಗು. ಇವತ್ತು ಗಿರಣಿಯ ವಾರ್ಷಿಕೋತ್ಸವದಲ್ಲಿ, ಇನ್ನೊಂದು ಗಂಟೆಗೆ, ಈ ಹಾಡು ಊರೆಲ್ಲ ಮೊಳಗುತ್ತದೆ. ನಡುವೆ ಯಾರ ತಕರಾರೂ ಬರದಿದ್ದರೆ ಇದೇ ಅಸಲಿ ಹಾಡು ಎಂದು ಅದಕ್ಕೆ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಹಾಡನ್ನು ಬೇರೆ ಥರ ಹಾಡಿದವರು ಕೆಲಸದಿಂದ ವಜಾ.

ನಿಜವಾದ ಉತ್ತರ ಏನಿತ್ತೆಂದು ವಾರವಿಡೀ ಹುಡುಕಿದೆವು. ಒಬ್ಬರ ಅಜ್ಜಿ ಒಂದು ಹೇಳಿದ್ದಳಂತೆ, ಇನ್ನೊಬ್ಬರ ಅಜ್ಜಿ ಇನ್ನೊಂದು. ನಿನ್ನೆ ಸಭೆಯಲ್ಲಿ ಕೈಕೈ ಮಿಲಾಯಿಸುವ ಹಾಗಾಯಿತು. ಗೊತ್ತಿಲ್ಲದೆ ಕೂಗುವುದು ಹಾಲಮ್ಮನಿಗೆ ಮಾಡುವ ಅಪಚಾರ ಎಂದು ನಾನೇ ವಾದಿಸಿದೆ. ಆಗ ಪಕ್ಕದ ಮಗ್ಗದ ತಿಪ್ಪಕ್ಕ ಎಲೆ ಅಡಿಕೆ ಉಗುಳಿ ಬಂದು ಅಂದಳು: "ಅಲ್ಲೇ ಇಮಾಂಬಿ, ಆ ಯವ್ವ ಕೇಳಿದ್ದು ಗೇಟಿನ ಮುಂದೆ ನಿಂತೋರ್ನ. ಈಗ ಗೇಟಿನ ಮುಂದೆ ನಿಂತಿರೋರು ಯಾರು, ನಿಮ್ಮಜ್ಜಿನಾ?" ಸಭೆ ನಕ್ಕಿತು. ನಾನು ನಗಲಿಲ್ಲ, ಆದರೆ ನಾವೇ ಕೂಗಬೇಕೆಂದು ಕರಪತ್ರ ಬರೆಯಲು ಕೂತೆ.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಹಾಡುಗಾರರನ್ನು ಕೊಂಡಾಡಿ, ಅವರ ದನಿಯನ್ನು ಜೋಪಾನ ಮಾಡಿ. ಆದರೆ ತೊಳೆಯಬೇಡಿ. ನಿಮ್ಮ ಕೆಮ್ಮು ಇರಲಿ, ತಾಳ ತಪ್ಪಿದ ಚಪ್ಪಾಳೆ ಇರಲಿ, ಕೂಸು ಅಳಲಿ. ನೀವು ಗೇಟಿನ ಮುಂದೆ ಏನು ಕೂಗಿದಿರೋ ಅದನ್ನು ಒಂದು ಮಗುವಿಗಾದರೂ ಕಲಿಸಿ ಸಾಯಿರಿ.

ಹೊರಗೆ ತಮಟೆ ಕಾಯಿಸುತ್ತಿದ್ದಾರೆ, ಹೊಗೆ ಇಲ್ಲಿಯವರೆಗೆ ಬರುತ್ತಿದೆ. ಪೊಲೀಸರೂ ಬಂದು ನಿಂತಿದ್ದಾರೆ. ಆಕೆ ಪ್ರಶ್ನೆ ಕೇಳಿದ ಕೂಡಲೇ, ಯಂತ್ರ ಬಾಯಿ ತೆರೆಯುವ ಮೊದಲು, ನಾವು ತೆರೆಯಬೇಕು. "ಉಡುವವರು ಯಾರು?" ಎಂದರೆ ನಮ್ಮ ಮಕ್ಕಳ ಹೆಸರು ಕೂಗುತ್ತೇವೆ, ಒಬ್ಬೊಬ್ಬರೂ ತಂತಮ್ಮ ಮಕ್ಕಳದು. ಒಂದೇ ಸಾಲಾಗಿ ಕೇಳಿಸುವುದಿಲ್ಲ, ಗದ್ದಲವಾಗುತ್ತದೆ. ಆಗಲಿ.

ಆಮೇಲೆ ಹಾಲಮ್ಮ ನಗುತ್ತಾಳೆ.

ಇಮಾಂಬಿ