ನಿನ್ನಿಂದ ಆಣೆ ಮಾಡಿಸಿದ್ದಕ್ಕೆ

ಅಮ್ಮಾ,

ನಿನ್ನ ಮಂಜಿ ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ. ಅಲ್ಲಿ ಓದಿ ಹೇಳುವವರು ಯಾರಾದರೂ ಇದ್ದರೆ ಹೇಳಿಸಿಕೋ. ಅವರೆದುರು ನನ್ನ ಮಾನ ಹೋದರೆ ಹೋಗಲಿ, ನಿನ್ನ ವಿಷಯದಲ್ಲಿ ನನಗೆ ಉಳಿಸಿಕೊಳ್ಳುವಂಥ ಮಾನವೇನೂ ಇಲ್ಲ.

ಅಂದು ಕೆಜಿಎಫ್ ಆಸ್ಪತ್ರೆಯಿಂದ ನಿನ್ನನ್ನು ಆಟೋದಲ್ಲಿ ಕರೆತಂದದ್ದು ನೆನಪಿದೆಯಾ? ನೀನು ಜೀವ ಕಳೆದುಕೊಳ್ಳಲು ಹೋಗಿ ಉಳಿದುಕೊಂಡಿದ್ದೆ. ದಾರಿಯುದ್ದಕ್ಕೂ ನಿನ್ನ ಕೈ ಹಿಡಿದೇ ಕೂತಿದ್ದೆ ನಾನು. ನೋಡಿದವರು ಎಂಥಾ ಮಗಳಪ್ಪಾ ಅಂದುಕೊಂಡಿರಬೇಕು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ಊರವರಿಗೆ ಏನು ಹೇಳುವುದು? ನಾನು ಊರಿನ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರಿಂದ ಹಿಡಿದು ಕುಡಿಯುವ ಗಂಡಸರವರೆಗೆ ಎಲ್ಲರಿಗೂ ಬುದ್ಧಿ ಹೇಳುವ ಬಾಯಿ ನನ್ನದು. ಹೊಟ್ಟೆನೋವು ಎಂದು ಸಾರಿಬಿಟ್ಟೆ. ಮನೆಯವರನ್ನು ಬಿಟ್ಟು ಊರಲ್ಲಿ ಇನ್ಯಾರಿಗೂ ನಿಜ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಕರ್ಪೂರ ತಂದರು. ನಮ್ಮ ಕಡೆ ಇದೊಂದು ಪದ್ಧತಿ ಇದೆಯಲ್ಲ, ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಆಣೆ ಮಾಡಿದರೆ ಆಯಿತು, ಅಲ್ಲಿಗೆ ಆ ಮಾತು ಮುಗಿಯಿತು. ತಟ್ಟೆ ಹಿಡಿದವಳು ನಾನೇ. "ಮಗಳ ಮ್ಯಾಲೆ ಆಣೆ ಮಾಡು ಮುನಿಯಮ್ಮಾ. ಇನ್ಮೇಲೆ ಇಂಥ ಕೆಲ್ಸ ಮಾಡಲ್ಲ ಅಂತ ಯೋಳು" ಎಂದರು ದೊಡ್ಡಪ್ಪ. ನೀನು ಬೆಂಕಿಯನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಏನೋ ಹೇಳಲಿದ್ದೆಯಾ? "ಬೇಗ ಆರ್ಸಮ್ಮಾ, ಕೈ ಸುಡ್ತೈತೆ" ಎಂದು ನಾನೇ ಅವಸರ ಮಾಡಿದೆ. ಸುಡುತ್ತಿದ್ದದ್ದು ತಟ್ಟೆ ಹಿಡಿದ ನನ್ನ ಕೈ ಎಂದು ನನ್ನ ಲೆಕ್ಕ.

ಕೆಜಿಎಫ್‌ನ ಊರಿಗಾಂನಿಂದ ಆಸ್ಪತ್ರೆಯ ಆಪ್ತಸಮಾಲೋಚಕಿ ಬಂದ ದಿನ ನೀನು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ನಿನಗೆ ಗೊತ್ತಿರದ ಒಂದು ಸಂಗತಿ ಈಗ ಹೇಳುತ್ತೇನೆ. ಹೀಗೆ ಉಳಿದು ಬಂದವರ ಮನೆಗೆ ಹೋಗಿ ವಿಚಾರಿಸಬೇಕು, ಆಸ್ಪತ್ರೆಯ ಸಮಾಲೋಚನೆಗೆ ಕರೆತರಬೇಕು, ಮತ್ತೆ ಮತ್ತೆ ಹೋಗಿ ನೋಡಿಕೊಳ್ಳಬೇಕು ಎಂದು ಸರ್ಕಾರದ ಕಾರ್ಯಕ್ರಮವಿತ್ತು. ಎಲ್ಲ ಪುಕ್ಕಟೆ. ಅದರ ತರಬೇತಿಗೆ ಬಂಗಾರಪೇಟೆಗೆ ಹೋಗಿ ಬಂದಿದ್ದವಳು ನಾನೇ. 'ಬೈಯಬೇಡಿ, ಬುದ್ಧಿ ಹೇಳಬೇಡಿ, ಆಣೆ ಹಾಕಿಸಬೇಡಿ, ಅವರು ಹೇಳುವುದನ್ನು ಕೇಳಿ' ಎಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡೂ ಇದ್ದೆ. ನಮ್ಮೂರಲ್ಲಿ ಹಾಗೆ ಉಳಿದು ಬಂದವರ ಪಟ್ಟಿ ನನ್ನ ಕೈಗೆ ಬಂದಾಗ ಅದರಲ್ಲಿ ಇದ್ದದ್ದು ಒಂದೇ ಹೆಸರು, ನಿನ್ನದು. ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದೇನೆಂದೇ ಆಯಮ್ಮ ಹುಡುಕಿಕೊಂಡು ಬಂದಿದ್ದರು.

ಬಾಗಿಲಲ್ಲೇ ನಿಲ್ಲಿಸಿ, ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಎಂದೆ. ಹಿತ್ತಲಲ್ಲಿ ಕಾಯಿ ಸುಲಿಯುವ ಸದ್ದು ನಿಂತುಹೋಯಿತು. ಅದು ಅವರಿಗೂ ಕೇಳಿಸಿರಬೇಕು. "ಪರವಾಯಿಲ್ಲೆ ಮಾ" ಎಂದರು ಅವರು, ತಮಿಳು ಬೆರೆತ ಕನ್ನಡದಲ್ಲಿ. "ಬಂದ್ಮೇಲೆ ಒಂದು ಫೋನ್ ಮಾಡಿ. ಬೈಯಕ್ಕಲ್ಲ ಮಾ ನಾವು ಬರೋದು, ಸುಮ್ನೆ ಮಾತಾಡಕ್ಕೆ." ನಾನು ಫೋನ್ ಮಾಡಲಿಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಯಾರನ್ನು ನೋಡಿ ಗಾದೆ ಕಟ್ಟಿದರೋ.

ಒಂದು ಸಂಜೆ ಹಾಲು ಕರೆಯುತ್ತಾ ನೀನೇ ಬಾಯಿ ಬಿಟ್ಟೆ. "ಮಂಜೀ, ಅವತ್ತು ನಂಗೆ ಯಂಗಾಗಿತ್ತು ಅಂದ್ರೆ..." ಆ ವಾಕ್ಯವನ್ನು ಮುಗಿಸಲು ನಾನು ಬಿಡಲಿಲ್ಲ. "ಆಣೆ ಮಾಡಿದ್ಯಲ್ಲಮ್ಮಾ, ಮತ್ಯಾಕೆ ಅದ್ನ ಎತ್ತೀಯ?" ಎಂದೆ. ನೀನು ಹಸುವಿನ ಕಡೆ ತಿರುಗಿಕೊಂಡೆ. ಆಮೇಲೆ ಮೂರು ವರ್ಷ ಬದುಕಿದ್ದೆ, ಒಂದು ಸಲವೂ ಅದರ ಮಾತೆತ್ತಲಿಲ್ಲ. ಎದೆನೋವು ಬಂದು ನೀನು ಹೋದ ದಿನ ದೊಡ್ಡಪ್ಪ "ಕೊಟ್ಟ ಮಾತು ಉಳಿಸ್ಕಂಡ್ಳು ನೋಡು" ಎಂದರು. ನನಗೆ ಅಳುವಿನ ಜೊತೆಗೆ ಸಮಾಧಾನವೂ ಆಯಿತು. ಊರಿಗೆ ಗೊತ್ತಾಗಲೇ ಇಲ್ಲವಲ್ಲ ಎಂಬ ಸಮಾಧಾನ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಕುಗ್ಗುತ್ತದೆ.

ಹೋದ ತಿಂಗಳು ಪಕ್ಕದ ಮನೆಯ ಸೊಸೆ ಶೋಭಾ ನಿನ್ನಂತೆಯೇ ಅದೇ ಆಸ್ಪತ್ರೆಯಿಂದ ಉಳಿದು ಬಂದಳು. ಅವರ ಮನೆಗೂ ದೊಡ್ಡಪ್ಪ ಕರ್ಪೂರ ಹಿಡಿದುಕೊಂಡು ಬಂದೇಬಿಟ್ಟರು, ತಟ್ಟೆಯನ್ನು ನನ್ನ ಕೈಗೇ ಕೊಟ್ಟರು. ಏನು ಮಾಡಬೇಕೆಂದು ಮೊದಲೇ ಯೋಚಿಸಿದ್ದೆ ಎಂದರೆ ಸುಳ್ಳಾದೀತು. ತಟ್ಟೆಯನ್ನು ನೆಲಕ್ಕಿಟ್ಟೆ, ಅಷ್ಟೆ. "ಬ್ಯಾಡ ದೊಡ್ಡಪ್ಪಾ. ನಮ್ಮಮ್ಮಂಗೂ ಇಂಗೇ ಮಾಡಿ ಬಾಯಿ ಮುಚ್ಸಿದ್ವಿ. ಅದು ಹೊಟ್ಟೆನೋವಲ್ಲ." ಅಂಗಳದ ತುಂಬ ಜನ. ಶೋಭಾಳ ಅತ್ತೆ ಬಾಯಿಗೆ ಸೆರಗು ಹಿಡಿದು "ಅಂಗಾದ್ರೆ ಮುನಿಯಮ್ಮ..." ಎಂದಳು. ಹೌದು ಎಂದೆ. ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಗುಟ್ಟನ್ನು ಊರ ಮುಂದೆ ಇಟ್ಟುಬಿಟ್ಟೆ. ಇದೂ ತಪ್ಪೇ ಆಗಿದ್ದರೆ ಇದನ್ನೂ ನನ್ನ ತಲೆಗೇ ಕಟ್ಟು.

ಶೋಭಾಳನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಅದೇ ಊರಿಗಾಂ ಆಯಮ್ಮ ನನ್ನ ಗುರುತು ಹಿಡಿದರು. ಹಳೆಯದನ್ನು ಕೆದಕಲಿಲ್ಲ. ಒಳಗೆ ಬೇರೊಬ್ಬರಿದ್ದರು, ಹೊರಗಿನ ಬೆಂಚಿನಲ್ಲಿ ಕಾಯುತ್ತಾ ಕೂತೆವು. ಆಗ ಹುಡುಗಿ ಕೇಳಿದಳು.

"ಅಕ್ಕಾ, ನಿಮ್ಮಮ್ಮ ಯಾಕಂಗೆ ಮಾಡ್ಕಂಡ್ರು?"

"ಗೊತ್ತಿಲ್ಲ ಕಣಮ್ಮಿ. ನಾನು ಕೇಳ್ಲೇ ಇಲ್ಲ."

ಅವಳು ಮೆಲ್ಲಗೆ, "ನನ್ನನ್ನಾದ್ರೂ ಕೇಳಕ್ಕಾ" ಅಂದಳು.

ಕೇಳಿದೆನಮ್ಮಾ. ಅವಳು ಹೇಳಿದ್ದನ್ನು ನಿನಗೂ ಬರೆಯುವುದಿಲ್ಲ, ಅದು ಅವಳದ್ದು. ಅವಳ ಮಾತು ಮುಗಿಯುವವರೆಗೆ ನಾನು ನಡುವೆ ಬಾಯಿ ಹಾಕಲಿಲ್ಲ.

ನಿನ್ನ,
ಮಂಜಿ